ಅಂಕಪಟ್ಟಿ ಓದಲಾರದ ಒಂದು ವರ್ಷ

ಮಾನ್ಯ ಸಂಪಾದಕರೇ,

ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಪತ್ರಿಕೆಗಳ ಪುಟಗಳು ದೊಡ್ಡ ತರಗತಿಗಳ ಮಕ್ಕಳ ಅಂಕಗಳಿಂದ ತುಂಬಿರುತ್ತವೆ. ಆರು, ಏಳು, ಎಂಟನೇ ತರಗತಿಯ ಮಕ್ಕಳ ಬಗ್ಗೆ ಬರೆಯುವವರು ಕಡಿಮೆ. ಬರೆಯುವಂಥದ್ದು ಆ ವಯಸ್ಸಿನಲ್ಲಿ ಏನೂ ನಡೆಯುವುದಿಲ್ಲ ಎಂದು ಕಳೆದ ವರ್ಷದವರೆಗೆ ನಾನೂ ತಿಳಿದಿದ್ದೆ. ನನ್ನ ಮಗಳು ಈಗಷ್ಟೇ ಏಳನೇ ತರಗತಿ ಮುಗಿಸಿದ್ದಾಳೆ. ಆ ಒಂದು ವರ್ಷದಲ್ಲಿ ನನ್ನ ಕಣ್ಣೆದುರೇ ಇದ್ದೂ ನನಗೆ ಕಾಣದೆ ಹೋದ ಸಂಗತಿಗಳನ್ನು ಇತರ ಪೋಷಕರ ಮತ್ತು ಶಿಕ್ಷಕರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಮೊದಲು ಓದಿದವಳು ಅವಳೇ. ಎರಡು ವಿಷಯಗಳನ್ನು ತೆಗೆದುಹಾಕಲು ಹೇಳಿದಳು, ತೆಗೆದಿದ್ದೇನೆ. ಉಳಿದದ್ದಕ್ಕೆ ಅವಳ ಒಪ್ಪಿಗೆ ಇದೆ.

ನಾನು ಹೇಳಬೇಕಾದ ಮಾತು ಇಷ್ಟು: ಅವಳ ಅಂಕಗಳು ಅತ್ಯಂತ ಮೇಲಿದ್ದ ತಿಂಗಳುಗಳೇ ಅವಳ ಪಾಲಿಗೆ ಅತ್ಯಂತ ಕಷ್ಟದ ತಿಂಗಳುಗಳಾಗಿದ್ದವು. ಅಂಕಗಳು ಇಳಿದ ಹೊತ್ತಿನಲ್ಲಿ ಅವಳು ಸಂತೋಷವಾಗಿದ್ದಳು. ನಾವು ಮೊದಲನೆಯದಕ್ಕೆ ಹಿಗ್ಗಿದೆವು, ಎರಡನೆಯದಕ್ಕೆ ಗಾಬರಿಯಾದೆವು.

ವರ್ಷದ ಆರಂಭದಲ್ಲಿ ಶಾಲೆಯವರು ಸೆಕ್ಷನ್‌ಗಳನ್ನು ಹೊಸದಾಗಿ ಹಂಚಿದರು. ಐದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು ಬೇರೆ ಸೆಕ್ಷನ್‌ಗೆ ಹೋದಳು. ನನ್ನ ಮಗಳೂ ಸೇರಿ ಉಳಿದ ಇಬ್ಬರ ಜೊತೆಗೆ ಹೊಸಬರಿಬ್ಬರು ಸೇರಿದರು. ಮೊದಲ ಕೆಲವು ವಾರ ಮನೆಗೆ ಬಂದೊಡನೆ ಈ ನಾಲ್ವರ ಕಥೆಗಳೇ ಕಥೆಗಳು. ಆಮೇಲೆ ಆ ಕಥೆಗಳು ನಿಂತವು. ಎಂದು ನಿಂತವೆಂಬುದು ನನಗೆ ನೆನಪಿಲ್ಲ. ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಅವಳ ವಸ್ತುಗಳನ್ನು ಮುಟ್ಟಲಿಲ್ಲ. ಅವಳು ಹತ್ತಿರ ಹೋದಾಗ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಬೆಂಚಿನಲ್ಲಿ ಖಾಲಿ ಇದ್ದ ಜಾಗದ ಮೇಲೆ ಬ್ಯಾಗ್ ಇರುತ್ತಿತ್ತು, ಕೇಳಿದರೆ ‘ಇಲ್ಲಿ ಒಬ್ಬರು ಬರ್ತಾರೆ’ ಎಂಬ ಉತ್ತರ. ಪ್ರಾಜೆಕ್ಟ್‌ಗೆ ನಾಲ್ಕು ನಾಲ್ಕು ಜನ ಗುಂಪು ಮಾಡಿಕೊಳ್ಳಿ ಎಂದು ಶಿಕ್ಷಕರು ಹೇಳಿದಾಗ ಅವಳು ಪ್ರತಿ ಸಲವೂ ಐದನೆಯವಳಾಗಿರುತ್ತಿದ್ದಳು. ಕೊನೆಯಲ್ಲಿ ಶಿಕ್ಷಕರೇ ಯಾವುದಾದರೂ ಗುಂಪಿಗೆ ಸೇರಿಸುವವರೆಗೆ ತರಗತಿಯ ನಡುವೆ ನಿಂತಿರುತ್ತಿದ್ದಳು. ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಗುಂಪು ಹಾಗೆಯೇ ಇತ್ತು, ಅದರಲ್ಲಿ ಈಗ ಯಾರೂ ಬರೆಯುತ್ತಿರಲಿಲ್ಲ. ಅವಳಿಲ್ಲದ ಹೊಸ ಗುಂಪೊಂದು ನಡೆಯುತ್ತಿದೆ ಎಂಬುದು ಅವಳಿಗೆ ಗೊತ್ತಾದದ್ದು ಇನ್ನೊಬ್ಬ ಹುಡುಗಿಯ ಬಾಯಿತಪ್ಪಿನಿಂದ.

ಇವುಗಳಲ್ಲಿ ಯಾವುದೊಂದನ್ನೂ ದೂರಾಗಿ ಬರೆದುಕೊಡಲು ಸಾಧ್ಯವಿಲ್ಲ. ಬರೆದರೆ ಓದಿದವರು ‘ಇಷ್ಟೇನಾ’ ಎನ್ನುತ್ತಾರೆ. ಅವಳೂ ಹೇಳದೇ ಇದ್ದದ್ದು ಅದಕ್ಕೇ.

ಊಟದ ಬಿಡುವಿನಲ್ಲಿ ಅವಳು ಗ್ರಂಥಾಲಯಕ್ಕೆ ಹೋಗತೊಡಗಿದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಅಂಕ ಏರಿತು. ಗ್ರಂಥಾಲಯದ ಕಾರ್ಡಿನಲ್ಲಿ 31 ಪುಸ್ತಕಗಳ ಹೆಸರಿದ್ದವು. ಆ ಕಾರ್ಡನ್ನು ನಾನು ನೆಂಟರಿಗೆ ತೋರಿಸಿದ್ದೇನೆ. ಪೋಷಕರ ಸಭೆಯಲ್ಲಿ ಅವಳ ಬಗ್ಗೆ ಹೇಳಿದ್ದು ‘ಶಾಂತ ಸ್ವಭಾವದ ಹುಡುಗಿ, ಯಾವ ತೊಂದರೆಯೂ ಇಲ್ಲ, ಓದಿನಲ್ಲಿ ಗಮನ ಹೆಚ್ಚಿದೆ’ ಎಂದು. ಮುಂದಿನ ಮಗುವಿನ ಸರದಿ ಬಂದಿತ್ತು, ನಾವು ಎದ್ದು ಬಂದೆವು. ಹೀಗೆ ಹೇಳಿದ ಶಿಕ್ಷಕಿಯನ್ನು ನಾನು ದೂರುತ್ತಿಲ್ಲ. 40ಕ್ಕೂ ಹೆಚ್ಚು ಮಕ್ಕಳಿರುವ ಕೋಣೆಯಲ್ಲಿ ತೊಂದರೆ ಕೊಡದ ಮಗು ಕಣ್ಣಿಗೆ ಬೀಳುವುದು ಕಷ್ಟ. ಅವಳು ಹುಟ್ಟಿದಾಗಿನಿಂದ ಶಾಂತ ಸ್ವಭಾವದವಳಲ್ಲ ಎಂಬುದು ತಿಳಿದಿದ್ದ ನನಗೇ ಆ ಮಾತು ಕೇಳಿ ಅನುಮಾನ ಬರಲಿಲ್ಲ. ಬಹಳ ದಿನಗಳ ನಂತರ, ಒಂದು ರಾತ್ರಿ ದೀಪ ಆರಿಸಿದ ಮೇಲೆ, ಅವಳಾಗಿಯೇ ಹೇಳಿದಳು: ‘ಅಮ್ಮಾ, ಲೈಬ್ರರಿಯಲ್ಲಿ ಒಬ್ಬಳೇ ಕೂತಿದ್ರೆ ಯಾಕೆ ಒಬ್ಬಳೇ ಕೂತಿದ್ದೀಯ ಅಂತ ಯಾರೂ ಕೇಳಲ್ಲ.’

ಆಮೇಲೆ ನಾನು ಇದರ ಬಗ್ಗೆ ಓದತೊಡಗಿದೆ. ಮಕ್ಕಳ ಜಗಳವೆಂದು ತಳ್ಳಿಹಾಕುವ ಈ ನಡವಳಿಕೆಯನ್ನು ಸಂಶೋಧಕರು ಬಹಳ ಹಿಂದೆಯೇ ಗಂಭೀರವಾಗಿ ನೋಡಿದ್ದಾರೆ. 1995ರಲ್ಲಿ ನಿಕಿ ಕ್ರಿಕ್ ಮತ್ತು ಜೆನ್ನಿಫರ್ ಗ್ರಾಟ್‌ಪೀಟರ್ ಎಂಬ ಮನೋವಿಜ್ಞಾನಿಗಳು ಶಾಲಾ ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿದರು. ಕೈಯಿಂದ ಹೊಡೆಯುವುದನ್ನು ಮಾತ್ರ ಹಿಂಸೆ ಎಂದು ಎಣಿಸಿದರೆ ಹುಡುಗಿಯರ ಲೋಕದಲ್ಲಿ ನಡೆಯುವ ಬಹುಪಾಲು ನೋವು ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅಲ್ಲಿ ಗೆಳೆತನವನ್ನು ಹಿಂತೆಗೆದುಕೊಳ್ಳುವುದು, ಗುಂಪಿನಿಂದ ಹೊರಗಿಡುವುದು, ಮಾತು ಹಬ್ಬಿಸುವುದು ಇವೇ ಆಯುಧಗಳಾಗಿರುತ್ತವೆ ಎಂಬುದು ಅವರ ಕೆಲಸದ ತಿರುಳು. ಹೀಗೆ ಇತರರನ್ನು ಹೊರಗಿಡುವ ಮಕ್ಕಳಲ್ಲಿಯೂ ಒಂಟಿತನ ಮತ್ತು ಖಿನ್ನತೆ ಹೆಚ್ಚಾಗಿ ಕಂಡುಬಂದಿತ್ತು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಎಸೆದು ಹಿಡಿಯುವ ಆಟ. ಸ್ವಲ್ಪ ಹೊತ್ತಿನ ನಂತರ ಉಳಿದ ಇಬ್ಬರು ಆಟಗಾರರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳುತ್ತಾರೆ, ಪ್ರಯೋಗಕ್ಕೆ ಒಳಗಾದವರಿಗೆ ಎಸೆಯುವುದಿಲ್ಲ. ಹಾಗೆ ಹೊರಗುಳಿದವರ ಮಿದುಳಿನಲ್ಲಿ, ಮೈಗೆ ನೋವಾದಾಗ ಚುರುಕಾಗುವ ಭಾಗವೊಂದು ಚುರುಕಾಯಿತು. ಅಷ್ಟು ಸಣ್ಣ ಆಟ, ಅದೂ ಮುಖ ಕಾಣದ ಅಪರಿಚಿತರ ಜೊತೆ. ಏಳನೇ ತರಗತಿಯ ಹುಡುಗಿಗೆ ಇದು ದಿನವೂ, ಅವಳು ಇಷ್ಟಪಟ್ಟವರಿಂದಲೇ ಆಗುತ್ತಿರುತ್ತದೆ.

ಅದೇ ತಿಂಗಳುಗಳಲ್ಲಿ ಅವಳ ದೇಹವೂ ಬದಲಾಗುತ್ತಿತ್ತು. ಹುಡುಗಿಯರಲ್ಲಿ ಪ್ರೌಢತೆಯ ಬದಲಾವಣೆಗಳು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತವೆ. ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಅವರು ದಿಢೀರನೆ ಎತ್ತರವಾಗುತ್ತಾರೆ. ಬೆಳವಣಿಗೆ ಉತ್ತುಂಗದಲ್ಲಿರುವ ವರ್ಷದಲ್ಲಿ ಸುಮಾರು 8 ಸೆಂಟಿಮೀಟರ್ ಏರುವುದುಂಟು, ಅದರಲ್ಲೂ ಕೈಕಾಲುಗಳು ಮೊದಲು ಉದ್ದವಾಗಿ ಮುಂಡ ಆಮೇಲೆ ಬೆಳೆಯುತ್ತದೆ. ನನ್ನ ಮಗಳು ಪ್ರಾರ್ಥನೆಯ ಸಾಲಿನಲ್ಲಿ ನಡುವಿನಿಂದ ಕೊನೆಗೆ ಹೋದಳು, ಎತ್ತರದ ಕಾರಣಕ್ಕೆ ಕೊನೆಯ ಬೆಂಚಿಗೂ ಹೋದಳು. ಅವಳು ಬೆನ್ನು ಬಾಗಿಸಿ ನಡೆಯುವುದನ್ನು ಕಂಡು ನಾನು ದಿನಕ್ಕೆ ಹತ್ತು ಸಲ ‘ನೆಟ್ಟಗೆ ನಿಲ್ಲು’ ಎನ್ನುತ್ತಿದ್ದೆ. ನೆಟ್ಟಗೆ ನಿಂತರೆ ಎಲ್ಲರಿಗೂ ಕಾಣುತ್ತೇನೆ ಎಂಬುದು ಅವಳ ಸಂಕಟವಾಗಿತ್ತು. ಹರೆಯಕ್ಕೆ ಕಾಲಿಡುವ ಮಕ್ಕಳು ತಮ್ಮನ್ನು ಸದಾ ಯಾರೋ ನೋಡುತ್ತಿದ್ದಾರೆ, ಅಳೆಯುತ್ತಿದ್ದಾರೆ ಎಂದು ಭಾವಿಸುವುದನ್ನು ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲೇ ವಿವರಿಸಿ, ಅದನ್ನು ‘ಕಲ್ಪಿತ ಪ್ರೇಕ್ಷಕರು’ ಎಂದು ಕರೆದಿದ್ದಾರೆ. ಆದರೆ ಒಂದು ಮಾತು ಸೇರಿಸಬೇಕು: ಬೆಂಚಿನ ಮೇಲೆ ಬ್ಯಾಗ್ ಇಟ್ಟು ಜಾಗ ಕಾಯುತ್ತಿದ್ದ ಹುಡುಗಿಯರು ಕಲ್ಪಿತರಾಗಿರಲಿಲ್ಲ.

ಮುಟ್ಟು ಶುರುವಾದದ್ದೂ ಆ ವರ್ಷವೇ. ಅದಕ್ಕೆ ಮನೆಯಲ್ಲಿ ಅವಳನ್ನು ಸಿದ್ಧಪಡಿಸಿದ್ದೆ ಎಂಬ ಸಮಾಧಾನ ನನಗಿತ್ತು. ಆದರೆ ಶಾಲೆಯ ದಿನಚರಿ ಅದಕ್ಕೆ ಸಿದ್ಧವಾಗಿರಲಿಲ್ಲ. ಮೊದಲ ಒಂದೆರಡು ವರ್ಷ ಚಕ್ರ ಕ್ರಮಬದ್ಧವಾಗಿರುವುದಿಲ್ಲ. ಈ ವಯಸ್ಸಿನಲ್ಲಿ ಎರಡು ಮುಟ್ಟುಗಳ ನಡುವೆ 21ರಿಂದ 45 ದಿನಗಳ ಅಂತರವಿರುವುದು ಸಹಜವೆಂದೇ ವೈದ್ಯರು ಹೇಳುತ್ತಾರೆ. ಅಂದರೆ ದಿನಾಂಕ ಎಣಿಸಿ ತಯಾರಾಗಿ ಹೋಗು ಎಂಬ ನಮ್ಮ ಬುದ್ಧಿಮಾತು ಹನ್ನೆರಡರ ಹುಡುಗಿಗೆ ಉಪಯೋಗಕ್ಕೆ ಬರುವುದಿಲ್ಲ. ಅವಳಿಗೆ ಬೇಕಾದದ್ದು ಬ್ಯಾಗಿನಲ್ಲಿ ಯಾವಾಗಲೂ ಒಂದು ಪ್ಯಾಡ್ ಮತ್ತು ಬೇಕಾದ ಕ್ಷಣದಲ್ಲಿ ಎದ್ದು ಹೋಗುವ ಅವಕಾಶ. ಎರಡನೆಯದು ಅವಳಿಗಿರಲಿಲ್ಲ. ಪಾಠದ ನಡುವೆ ಎಲ್ಲರೆದುರು ಕೈಯೆತ್ತಿ ಕೇಳಬೇಕಿತ್ತು. ‘ಬಿಡುವಿನಲ್ಲಿ ಏನು ಮಾಡುತ್ತಿದ್ದೆ’ ಎಂಬ ಪ್ರಶ್ನೆಗೆ ಎಲ್ಲರೆದುರೇ ಉತ್ತರಿಸಬೇಕಿತ್ತು. ಕೇಳದೇ ಕುಳಿತ ಒಂದು ದಿನ ಸ್ವೆಟರ್ ಅನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದಳು. ಗೆಳತಿಯರಿದ್ದಿದ್ದರೆ ಯಾರಾದರೂ ಅವಳ ಹಿಂದೆ ಬಂದು ನಿಲ್ಲುತ್ತಿದ್ದರು, ಅವಳ ಪರವಾಗಿ ಶಿಕ್ಷಕಿಯ ಕಿವಿಯಲ್ಲಿ ಹೇಳುತ್ತಿದ್ದರು. ಒಂಟಿತನದ ಜೊತೆ ಸೇರಿದಾಗ ಸಹಜವಾದದ್ದೂ ಎಷ್ಟು ಭಾರವಾಗುತ್ತದೆ ಎಂಬುದು ನನಗೆ ಅಂದು ಅರ್ಥವಾಯಿತು.

ನಿದ್ದೆಯ ವಿಷಯದಲ್ಲೂ ನಾನು ಅವಳಿಗೆ ಅನ್ಯಾಯ ಮಾಡಿದ್ದೇನೆ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ, ಆದರೆ ಬೇಕಾದ ನಿದ್ದೆ ಅಷ್ಟೇನೂ ಕಡಿಮೆಯಾಗುವುದಿಲ್ಲ: 12 ವರ್ಷದವರೆಗಿನ ಶಾಲಾ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ ಮುಂದೆ 8ರಿಂದ 10 ಗಂಟೆ ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಬೆಳಿಗ್ಗೆ ಏಳದ ಮಗಳನ್ನು ಸೋಮಾರಿ ಎಂದದ್ದಕ್ಕೆ ಕ್ಷಮೆ ಕೇಳಿದ್ದೇನೆ.

ವರ್ಷದ ಏರುಗತಿ ಶುರುವಾದದ್ದು ನಾವು ಯಾರೂ ಎಣಿಸದ ಕಡೆಯಿಂದ. ಉದ್ದ ಕಾಲುಗಳನ್ನು ನೋಡಿ ದೈಹಿಕ ಶಿಕ್ಷಣದ ಶಿಕ್ಷಕಿ ಅವಳನ್ನು 4×100 ಮೀಟರ್ ರಿಲೇ ತಂಡಕ್ಕೆ ಸೇರಿಸಿಕೊಂಡರು. ಮೂರನೆಯ ಓಟಗಾರ್ತಿ, ತಿರುವಿನಲ್ಲಿ ಓಡಬೇಕು. ಆ ಓಟದಲ್ಲಿ ಬ್ಯಾಟನ್ ಪಡೆಯುವವಳು ಹಿಂದೆ ತಿರುಗಿ ನೋಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ಮೊದಲೇ ಓಟ ಶುರು ಮಾಡಿರುತ್ತಾಳೆ, ಹಿಂದಿನವಳ ಕೂಗು ಕಿವಿಗೆ ಬಿದ್ದಾಗ ಕೈಯನ್ನು ಹಿಂದಕ್ಕೆ ಚಾಚುತ್ತಾಳೆ, 30 ಮೀಟರ್ ವಲಯದೊಳಗೆ ಬ್ಯಾಟನ್ ಕೈ ಬದಲಾಗಬೇಕು. ಇದು ಕೂಡಿ ಬರಲು ನಾಲ್ವರೂ ವಾರಗಟ್ಟಲೆ ಒಟ್ಟಿಗೆ ಓಡಬೇಕು, ಬೀಳಬೇಕು, ಯಾರ ತಪ್ಪೆಂದು ವಾದಿಸಬೇಕು, ಮರುದಿನ ಮತ್ತೆ ಓಡಬೇಕು. ಆ ತಂಡದಲ್ಲಿದ್ದ ಎಂಟನೇ ತರಗತಿಯ ಇಬ್ಬರಿಗೆ ಏಳನೇ ತರಗತಿಯ ಗುಂಪುಗಾರಿಕೆಯ ಗೊಡವೆಯೇ ಇರಲಿಲ್ಲ. ಅವಳು ಮೊಣಕಾಲು ತರಚಿಕೊಂಡು, ಮಣ್ಣಾದ ಬಟ್ಟೆಯಲ್ಲಿ, ಬಾಗಿಲು ದಾಟುವ ಮೊದಲೇ ಮಾತು ಶುರುಮಾಡಿ ಮನೆಗೆ ಬರತೊಡಗಿದಳು. ಗ್ರಂಥಾಲಯದ ಕಾರ್ಡಿನಲ್ಲಿ ಹೊಸ ಹೆಸರುಗಳು ವಿರಳವಾದವು. ಮುಂದಿನ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ 11 ಅಂಕ ಕಡಿಮೆಯಾಯಿತು.

ಆಗ ನಾವು ಸಭೆ ಸೇರಿದೆವು. ಅವಳು ಗ್ರಂಥಾಲಯದಲ್ಲಿ ಅಡಗಿ ಕೂತಿದ್ದ ತಿಂಗಳುಗಳಲ್ಲಿ ಒಮ್ಮೆಯೂ ಅವಳ ಬಗ್ಗೆ ಚರ್ಚಿಸದಿದ್ದ ಮನೆಯಲ್ಲಿ, ಅವಳು ನಗುತ್ತಿದ್ದಾಗ ಗಂಭೀರ ಚರ್ಚೆ ನಡೆಯಿತು. ‘ಓಟ ಮುಂದಿನ ವರ್ಷವೂ ಓಡಬಹುದು, ಈಗ ಓದು’ ಎಂದು ಅವಳ ಅಪ್ಪ ಹೇಳಿದರು, ನಾನು ತಲೆಯಾಡಿಸಿದೆ. ಅವಳು ಎದುರು ಮಾತಾಡಲಿಲ್ಲ. ಎರಡು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಆ ಶಿಕ್ಷಕಿ ಫೋನ್ ಮಾಡಿ, ಹುಷಾರಿಲ್ಲವೇ ಎಂದು ವಿಚಾರಿಸಿದರು. ಮಾತಿನ ನಡುವೆ, ‘ಬ್ಯಾಟನ್ ಕೊಡುವಾಗ ನಿಮ್ಮ ಹುಡುಗಿ ಕೂಗುವ ಕೂಗು ಗೇಟಿನ ತನಕ ಕೇಳುತ್ತದೆ, ಅವಳಿಲ್ಲದೆ ಮೈದಾನ ಸಪ್ಪಗಿದೆ’ ಎಂದರು. ಶಾಂತ ಸ್ವಭಾವದ ಹುಡುಗಿ ಎಂದು ನಾವು ಕೇಳಿಕೊಂಡು ಬಂದಿದ್ದೆವು. ಒಂದೇ ಶಾಲೆಯ ಇಬ್ಬರು ಹಿರಿಯರು ಒಂದೇ ಮಗುವಿನ ಬಗ್ಗೆ ಹೇಳಿದ ಈ ಎರಡು ಮಾತುಗಳನ್ನು ಜೊತೆಗಿಟ್ಟು ನೋಡಿದಾಗಲೇ ನಮ್ಮ ಕಣ್ಣು ತೆರೆದದ್ದು. ಗ್ರಂಥಾಲಯದ ವಿಷಯ ಅವಳು ಹೇಳಿದ್ದು ಆ ಫೋನ್ ಬಂದ ರಾತ್ರಿ. ಮರುದಿನ ಅವಳು ಅಭ್ಯಾಸಕ್ಕೆ ಹೋದಳು.

ತಂಡ ಗೆಲ್ಲಲಿಲ್ಲ; ಎರಡನೆಯ ಸಲ ಕೈ ಬದಲಾಗುವಾಗ ಬ್ಯಾಟನ್ ಜಾರಿತು. ಅವಳು ಅತ್ತಳು, ಮೂವರ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆ ಅಳುವನ್ನು ನೋಡಿ ನನಗೆ ನೆಮ್ಮದಿಯಾಯಿತು ಎಂದರೆ ಓದುಗರು ಅಪಾರ್ಥ ಮಾಡಿಕೊಳ್ಳಬಾರದು.

ಇದೆಲ್ಲ ಆ ವಯಸ್ಸಿಗೆ ಸಹಜ, ನಮಗೂ ಆಗಿತ್ತು, ತಾನಾಗಿ ಸರಿಹೋಗುತ್ತದೆ ಎಂದು ಅನೇಕರು ನನಗೆ ಹೇಳಿದ್ದಾರೆ. ಸಹಜವೆಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ಮಗಳ ವಿಷಯದಲ್ಲಿ ಅದು ತಾನಾಗಿ ಸರಿಹೋಗಲಿಲ್ಲ. ಒಬ್ಬ ಶಿಕ್ಷಕಿ ಅವಳನ್ನು ಗಮನಿಸಿ, ಬಾರದಿದ್ದಾಗ ಫೋನ್ ಮಾಡಿದ್ದರಿಂದ ಸರಿಹೋಯಿತು. ಅವಳ ಕಾಲು ಉದ್ದವಾಗಿರದಿದ್ದರೆ? ಸಂಶೋಧಕರಾದ ರಾಬರ್ಟಾ ಸಿಮನ್ಸ್ ಮತ್ತು ಡೇಲ್ ಬ್ಲೈತ್ ಈ ಹಂತದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಏಳನೇ ತರಗತಿಗೆ ಶಾಲೆ ಬದಲಿಸಬೇಕಾಗಿ ಬಂದ ಹುಡುಗಿಯರ ಆತ್ಮವಿಶ್ವಾಸ ಕುಸಿದದ್ದನ್ನೂ, ದೇಹದ ಬದಲಾವಣೆ, ಶಾಲೆಯ ಬದಲಾವಣೆ ಇತ್ಯಾದಿಗಳು ಒಟ್ಟಿಗೆ ಎರಗಿದಷ್ಟೂ ಮಗು ಹೆಚ್ಚು ಸೋಲುವುದನ್ನೂ ದಾಖಲಿಸಿದ್ದಾರೆ. ದೇಹದ ಬದಲಾವಣೆಯನ್ನು ನಾವು ಮುಂದೂಡಲಾರೆವು. ಸೆಕ್ಷನ್ ಹಂಚಿಕೆ ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಹಂಚಲೇಬೇಕಾದರೆ ಪ್ರತಿ ಮಗುವಿನ ಜೊತೆ ಅದು ಹೆಸರಿಸಿದ ಒಬ್ಬ ಗೆಳತಿಯನ್ನಾದರೂ ಉಳಿಸಬಹುದು.

ಹೊರಗಿಟ್ಟ ಆ ಹುಡುಗಿಯರನ್ನು ಶಿಕ್ಷಿಸಬೇಕೆಂದು ನಾನು ಕೇಳುತ್ತಿಲ್ಲ. ಅವರೂ ಹನ್ನೆರಡು ವರ್ಷದವರೇ, ಅವರಿಗೂ ತಮ್ಮ ಜಾಗ ಕಳೆದುಹೋಗುವ ಭಯವಿತ್ತು. ಆರನೇ ತರಗತಿಯಲ್ಲಿ ತಾನೇ ಒಬ್ಬ ಹುಡುಗಿಗೆ ಹೀಗೆ ಮಾಡಿದ್ದೆನೆಂದು ಮಗಳು ನನಗೆ ಹೇಳಿದ್ದಾಳೆ. ಪತ್ರದಲ್ಲಿ ಈ ಸಾಲು ಇರಲೇಬೇಕೆಂದು ಹೇಳಿದವಳೂ ಅವಳೇ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಶಾಲೆಯ ಪ್ರತಿ ಹುಡುಗಿಯ ಹೆಸರಿನ ಮುಂದೆ ಅವಳನ್ನು ಚೆನ್ನಾಗಿ ಬಲ್ಲ ಒಬ್ಬ ಹಿರಿಯರ ಹೆಸರಿರಲಿ. ಅವರು ಕ್ಲಾಸ್ ಟೀಚರೇ ಆಗಬೇಕಿಲ್ಲ. ಗ್ರಂಥಾಲಯದವರಾಗಬಹುದು, ಕಚೇರಿಯಲ್ಲಿ ಕೆಲಸ ಮಾಡುವವರಾಗಬಹುದು. ಅವರು ದಿನವೂ ಉಪದೇಶಿಸಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಅವಳು ಯಾರ ಜೊತೆಗಿರುತ್ತಾಳೆ ಎಂಬುದು ಅವರಿಗೆ ಗೊತ್ತಿದ್ದರೆ ಸಾಕು. ಗುಂಪು ಮಾಡಬೇಕಾದಾಗ ‘ನೀವೇ ಮಾಡಿಕೊಳ್ಳಿ’ ಎನ್ನುವ ಬದಲು ಶಿಕ್ಷಕರೇ ಹೆಸರು ಓದಲಿ, ಅದರಿಂದ ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಯಾವ ಮಗುವೂ ತರಗತಿಯ ನಡುವೆ ನಿಂತಿರಬೇಕಾಗುವುದಿಲ್ಲ. ಶೌಚಾಲಯಕ್ಕೆ ಹೋಗಲು ಕಾರಣ ಕೇಳುವುದನ್ನು ಈ ತರಗತಿಗಳಲ್ಲಿ ನಿಲ್ಲಿಸಬೇಕು. ಪೋಷಕರ ಸಭೆಯಲ್ಲಿ ಮಗುವೂ ಕುಳಿತಿರಲಿ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ಕೊಟ್ಟಿದೆ. ಇನ್ನು ಮನೆಯವರು ಗಮನಿಸಬೇಕಾದದ್ದೂ ಇದೆ: ಎರಡು ವಾರಕ್ಕೂ ಹೆಚ್ಚು ಕಾಲ ಮಗಳು ಮಂಕಾಗಿದ್ದು, ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಕಳೆದುಕೊಂಡು, ಊಟ ನಿದ್ದೆ ಕೆಟ್ಟಿದ್ದರೆ ಅಂಕ ಎಷ್ಟೇ ಬಂದಿರಲಿ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು, ತನಗೆ ತಾನು ನೋವು ಮಾಡಿಕೊಳ್ಳುವ ಮಾತು ಬಂದರೆ ಆ ದಿನವೇ ಕಾಣಬೇಕು.

ಎಂಟನೇ ತರಗತಿಯ ಸೆಕ್ಷನ್ ಪಟ್ಟಿ ಇನ್ನೂ ಪ್ರಕಟವಾಗಿಲ್ಲ. ಅದು ಪ್ರಕಟವಾಗುವ ಮೊದಲು ಈ ಕೋರಿಕೆಗಳನ್ನು ಬರೆದು ಮಗಳ ಶಾಲೆಗೆ ಕೊಡಲಿದ್ದೇನೆ. ತಮ್ಮ ಪತ್ರಿಕೆಯ ಓದುಗರಲ್ಲಿ ಮುಖ್ಯೋಪಾಧ್ಯಾಯರು ಇರುತ್ತಾರೆ, ಈ ವಯಸ್ಸಿನ ಹೆಣ್ಣುಮಕ್ಕಳ ಪೋಷಕರೂ ಇರುತ್ತಾರೆ. ತಮ್ಮ ಶಾಲೆಗಳಲ್ಲಿ ಪಟ್ಟಿ ಸಿದ್ಧವಾಗುವ ಮೊದಲು ಅವರು ಈ ವಿಷಯವನ್ನು ಒಮ್ಮೆ ಕೂತು ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮಗಳ ಗುರುತು ಗೋಪ್ಯವಾಗಿರಲೆಂದು ನನ್ನ ಹೆಸರು ಮತ್ತು ಊರನ್ನು ಪ್ರಕಟಿಸಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಏಳನೇ ತರಗತಿ ಮುಗಿಸಿದ ಹುಡುಗಿಯೊಬ್ಬಳ ತಾಯಿ